ಮೂರು ಮೀಟರಿನ ಪಾಠ

ಬೀದಿಯ ಜನಜೀವನವನ್ನು ಚಿತ್ರದಲ್ಲಿ ಹಿಡಿಯಹೊರಟವನಿಗೆ ಮೊದಲು ಬೇಕಾದುದೇನು? ಚುರುಕಾದ ಕ್ಯಾಮೆರಾ ಎಂದು ಹಲವರು ಹೇಳಿಯಾರು. ದೂರವನ್ನು ಕಣ್ಣಿನಿಂದಲೇ ಅಳೆಯಬಲ್ಲ ಅಭ್ಯಾಸವೆಂದು ನಾನು ಹೇಳುವೆನು. ಇದನ್ನು ನನಗೆ ಕಲಿಸಿದುದು ಸೋದರಮಾವನವರ ಪೆಟ್ಟಿಗೆಯಲ್ಲಿ ಬಹುಕಾಲ ಮಲಗಿದ್ದ ಒಂದು ಪುಟ್ಟ ಯಂತ್ರ. ಅದರ ಹೆಸರು ಒಲಿಂಪಸ್ ಟ್ರಿಪ್ 35. ಜಪಾನಿನ ಈ ಕ್ಯಾಮೆರಾ 1967ರಲ್ಲಿ ಹೊರಬಂದು 1984ರ ವರೆಗೆ ತಯಾರಾಗುತ್ತಿದ್ದಿತು. ಕೋಟಿನ ಜೇಬಿನಲ್ಲಿ ಹಿಡಿಸುವಷ್ಟು ಅದು ಚಿಕ್ಕದು.

ಇದಕ್ಕೆ ಬ್ಯಾಟರಿ ಬೇಡ. ಮಸೂರದ ಸುತ್ತ ಬಳೆಯಂತಿರುವ, ಗುಳ್ಳೆಗುಳ್ಳೆಯಾದ ಪಾರದರ್ಶಕ ಪಟ್ಟಿಯ ಹಿಂದೆ ಸೆಲೆನಿಯಂ ಧಾತುವಿನ ಕೋಶವಿದೆ. ಬೆಳಕು ಬಿದ್ದಾಗ ಸೆಲೆನಿಯಮ್ಮಿನ ವಿದ್ಯುದ್ರೋಧ ಕಡಿಮೆಯಾಗುವುದೆಂದು ವಿಲ್ಲೋಬಿ ಸ್ಮಿತ್ 1873ರಲ್ಲಿ ಪ್ರಕಟಿಸಿದನು. ಬೆಳಕೇ ಅದರಲ್ಲಿ ವಿದ್ಯುತ್ತನ್ನು ಹುಟ್ಟಿಸಬಲ್ಲುದೆಂದು 1876ರಲ್ಲಿ ಆಡಮ್ಸ್ ಮತ್ತು ಡೇ ಎಂಬವರು ಕಂಡರು. ನಮ್ಮ ಕ್ಯಾಮೆರಾದಲ್ಲಿ ಈ ಅಲ್ಪ ವಿದ್ಯುತ್ತು ಒಂದು ಸೂಜಿಯನ್ನು ತಿರುಗಿಸುತ್ತದೆ. ಗುಂಡಿಯನ್ನೊತ್ತಿದಾಗ ಸೂಜಿ ನಿಂತಲ್ಲಿಯೇ ಹಿಡಿಯಲ್ಪಟ್ಟು, ಬೆಳಕು ಒಳಹೋಗುವ ರಂಧ್ರ ಎಷ್ಟು ತೆರೆಯಬೇಕೆಂಬುದು ನಿರ್ಧಾರವಾಗುತ್ತದೆ. ಷಟರಿಗೆ ಇರುವುದು ಎರಡೇ ವೇಗಗಳು: ಸೆಕೆಂಡಿನ 200ರಲ್ಲಿ ಒಂದು ಪಾಲು ಮತ್ತು 40ರಲ್ಲಿ ಒಂದು ಪಾಲು. ಬೆಳಕು ಸಾಲದಿದ್ದರೆ ಒಳಗೆ ನೋಡುವ ಕಿಂಡಿಯಲ್ಲಿ ಕೆಂಪು ಬಾವುಟವೊಂದು ಮೇಲೆದ್ದು, ಗುಂಡಿ ಕದಲುವುದಿಲ್ಲ.

ಹೀಗೆ ಬೆಳಕಿನ ಲೆಕ್ಕವನ್ನು ಯಂತ್ರವೇ ನೋಡಿಕೊಳ್ಳುವುದು. ಆದರೆ ಎದುರಿಗಿರುವ ವಸ್ತು ಎಷ್ಟು ದೂರದಲ್ಲಿದೆಯೆಂಬುದು ಅದಕ್ಕೆ ತಿಳಿಯದು. ಮಸೂರದ ಬಳೆಯ ಮೇಲೆ ನಾಲ್ಕು ಗುರುತುಗಳಿವೆ: ಒಬ್ಬನ ತಲೆ, ಇಬ್ಬರು, ಗುಂಪು, ಬೆಟ್ಟ. ಇವು ಕ್ರಮವಾಗಿ 1 ಮೀಟರು, 1.5 ಮೀಟರು, 3 ಮೀಟರು ಮತ್ತು ಅನಂತ ದೂರ. ಇವುಗಳಲ್ಲಿ ಒಂದನ್ನು ನಾವೇ ಆರಿಸಿಕೊಳ್ಳಬೇಕು. ನಾನು ಕಾಲೇಜಿನ ಮೊಗಸಾಲೆಯಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು, ನನ್ನ ನಾಲ್ಕು ಹೆಜ್ಜೆಗಳು 3 ಮೀಟರೆಂದು ಮನದಟ್ಟು ಮಾಡಿಕೊಂಡೆನು. ನಮ್ಮ ಹಿರಿಯರ ಒಂದು ಮಾರು 1.5 ಮೀಟರಿಗಿಂತ ತುಸು ಹೆಚ್ಚೆಂಬುದೂ ಉಪಯೋಗಕ್ಕೆ ಬಂದಿತು.

ಅಂದಾಜು ಸ್ವಲ್ಪ ತಪ್ಪಿದರೆ ಚಿತ್ರ ಕೆಡುವುದೇ? ಅದು ರಂಧ್ರದ ಗಾತ್ರವನ್ನು ಅವಲಂಬಿಸಿದೆ. ಈ ಮಸೂರದ ಸಂಗಮದೂರ 40 ಮಿಲಿಮೀಟರು. ಒಂದು ಬಿಂದು ಫಿಲ್ಮಿನ ಮೇಲೆ 0.03 ಮಿಲಿಮೀಟರಿನಷ್ಟು ಹರಡಿದರೂ ಕಣ್ಣು ಅದನ್ನು ಬಿಂದುವೆಂದೇ ಒಪ್ಪುವುದೆಂದು ಇಟ್ಟುಕೊಳ್ಳೋಣ. ಮಸೂರವನ್ನು 3 ಮೀಟರಿಗೆ ಹೊಂದಿಸಿರಲಿ. ಪ್ರಖರವಾದ ಬಿಸಿಲಿನಲ್ಲಿ ರಂಧ್ರದ ವ್ಯಾಸ 1.8 ಮಿಲಿಮೀಟರಿಗೆ ಇಳಿದರೆ, 1.3 ಮೀಟರಿನಿಂದ ದಿಗಂತದ ವರೆಗೆ ಎಲ್ಲವೂ ಸ್ಪಷ್ಟ. ವ್ಯಾಸ 5 ಮಿಲಿಮೀಟರಾದರೆ ಸ್ಪಷ್ಟತೆ ಸುಮಾರು 2.1ರಿಂದ 5.4 ಮೀಟರಿಗೆ ಕುಗ್ಗುವುದು. ರಂಧ್ರ ಪೂರ್ತಿ ತೆರೆದು 14 ಮಿಲಿಮೀಟರಾದಾಗ 2.6ರಿಂದ 3.6 ಮೀಟರು ಮಾತ್ರ. ಬಿಸಿಲು ನಮ್ಮ ತಪ್ಪನ್ನು ಮನ್ನಿಸುವುದು, ನೆರಳು ಮನ್ನಿಸದು.

ಇಷ್ಟು ತಿಳಿದುಕೊಂಡು ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋದೆನು. ಅಪರಿಚಿತರ ಎದುರು ನಿಲ್ಲಲು ಸಂಕೋಚವಾಗಿ, ಮೊದಲ ಫಿಲ್ಮಿನ 36 ಚಿತ್ರಗಳನ್ನೂ ಕಂಬಗಳ ಮರೆಯಿಂದ, ಹತ್ತು ಮೀಟರಿನಾಚೆಯಿಂದ ತೆಗೆದೆನು. ಫಿಲ್ಮನ್ನು ತೊಳೆಸಿ ನೋಡಿದಾಗ ಜನರೆಲ್ಲ ಇರುವೆಗಳಂತೆ ಕಂಡರು. ಕಾರಣ ಸರಳವಾದುದು. 10 ಮೀಟರು ದೂರದಲ್ಲಿರುವ 1.6 ಮೀಟರು ಎತ್ತರದ ವ್ಯಕ್ತಿಯ ಬಿಂಬ ಫಿಲ್ಮಿನ ಮೇಲೆ ಸುಮಾರು 6.4 ಮಿಲಿಮೀಟರು. ಅದೇ ವ್ಯಕ್ತಿ 3 ಮೀಟರಿನಲ್ಲಿದ್ದರೆ ಬಿಂಬ 21.6 ಮಿಲಿಮೀಟರು. ಫಿಲ್ಮಿನ ಚೌಕಟ್ಟಿನ ಎತ್ತರವೇ 24 ಮಿಲಿಮೀಟರಾದುದರಿಂದ ಆಗ ಅದು ತುಂಬಿ ನಿಲ್ಲುವುದು. ಎಂದರೆ, ಮನುಷ್ಯನನ್ನು ಕಾಣಬೇಕಾದರೆ ಮಾತನಾಡುವ ದೂರಕ್ಕೆ ಹೋಗದೆ ಗತ್ಯಂತರವಿಲ್ಲ. ಆ ದೂರದಲ್ಲಿ ಕದ್ದು ನೋಡುವುದು ಸಾಧ್ಯವಿಲ್ಲ, ಸಭ್ಯತೆಯೂ ಅಲ್ಲ.

ಎರಡನೆಯ ಸಲ, ಹೂ ಕಟ್ಟುತ್ತಿದ್ದ ವೃದ್ಧೆಯೊಬ್ಬರ ಬಳಿಗೆ ನೇರವಾಗಿ ಹೋಗಿ ಕೇಳಿದೆನು. "ಅವತ್ತು ಕಂಬದ ಹಿಂದೆ ಅವಿತುಕೊಂಡಿದ್ದವರು ನೀವೇ ಅಲ್ಲವೆ?" ಎಂದು ಅವರು ನಕ್ಕರು. ನಾಚಿಕೆಯಾಯಿತು. ಆದರೂ ಒಪ್ಪಿಗೆ ದೊರೆಯಿತು. 1.5 ಮೀಟರಿನ ಗುರುತಿಗೆ ಬಳೆಯನ್ನು ತಿರುಗಿಸಿ, ಒಂದೇ ಒಂದು ಚಿತ್ರ ತೆಗೆದೆನು.

ಮುಂದಿನ ವಾರ ಅಂಚೆಕಾರ್ಡಿನಷ್ಟು ದೊಡ್ಡ ಪ್ರತಿಯನ್ನು ಕೊಟ್ಟಾಗ ಅವರು ಬಹಳ ಹೊತ್ತು ನೋಡಿ, "ಮುಖ ಚೆನ್ನಾಗಿದೆ. ನನ್ನ ಬೆರಳುಗಳೆಲ್ಲಿ?" ಎಂದರು. ಬೆರಳುಗಳಿದ್ದ ಕಡೆ ಮಂಜಿನಂಥ ಮಸುಕು. ಚಪ್ಪರದ ನೆರಳಿನಲ್ಲಿ ಷಟರು ನಿಧಾನವಾದ ವೇಗವನ್ನು ಆರಿಸಿಕೊಂಡಿದ್ದಿತು. ಕೈ ಸೆಕೆಂಡಿಗೆ ಅರ್ಧ ಮೀಟರು ಚಲಿಸುತ್ತಿದ್ದರೆ, ಸೆಕೆಂಡಿನ 40ನೆಯ ಒಂದು ಪಾಲಿನಲ್ಲಿ 12.5 ಮಿಲಿಮೀಟರು ಸರಿಯುವುದು. ಫಿಲ್ಮಿನ ಮೇಲೆ ಅದು 0.34 ಮಿಲಿಮೀಟರು; ಚಿತ್ರವನ್ನು ನಾಲ್ಕು ಪಟ್ಟು ಹಿಗ್ಗಿಸಿದಾಗ ಸುಮಾರು 1.4 ಮಿಲಿಮೀಟರು. ಬಿಸಿಲಿನಲ್ಲಿ, ವೇಗದ ಷಟರಿನಿಂದ ತೆಗೆದಿದ್ದರೆ ಮಸುಕು ಇದರ ಐದರಲ್ಲಿ ಒಂದು ಪಾಲಾಗುತ್ತಿತ್ತು.

ಇದನ್ನು ನನಗೆ ತೋಚಿದಂತೆ ಅವರಿಗೆ ವಿವರಿಸಿ, ಕ್ಷಣಕಾಲ ಕೈ ನಿಲ್ಲಿಸಿದರೆ ಇನ್ನೊಂದು ಚಿತ್ರ ತೆಗೆಯುವೆನೆಂದೆನು. ಅವರು ದಾರವನ್ನು ಎಳೆಯುತ್ತಲೇ, "ಕೈ ನಿಲ್ಲಿಸಿದರೆ ಹೂ ಕಟ್ಟುವ ಫೋಟೋ ಹೇಗಾದೀತು? ಇದೇ ಇರಲಿ ಬಿಡಿ" ಎಂದು ಪ್ರತಿಯನ್ನು ಬುಟ್ಟಿಯ ಪಕ್ಕದಲ್ಲಿ ನಿಲ್ಲಿಸಿಕೊಂಡರು.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿಯೂ ಇಂಥ ಹಳೆಯ ಕ್ಯಾಮೆರಾ ಇದ್ದೀತು. ಅದನ್ನು ಕತ್ತಲೆಯ ಮೂಲೆಯತ್ತ ಹಿಡಿದು ಗುಂಡಿಯನ್ನೊತ್ತಿ ನೋಡಿರಿ, ಕೆಂಪು ಬಾವುಟ ಎದ್ದು, ಬಿಸಿಲಿಗೆ ತಿರುಗಿಸಿದಾಗ ಇಳಿದರೆ ಕೋಶದಲ್ಲಿ ಇನ್ನೂ ಜೀವವಿದೆಯೆಂದು ತಿಳಿಯಿರಿ. ಬಳಿಕ ನಿಮ್ಮ ಹೆಜ್ಜೆಯನ್ನು ಅಳೆದುಕೊಂಡು ಬೀದಿಗೆ ಹೊರಡಿರಿ. ಮೂರು ಮೀಟರಿನ ವರೆಗೆ ಹೋಗಿ, ಮೊದಲು ಮಾತನಾಡಿಸಿ, ಆಮೇಲೆ ಗುಂಡಿಯನ್ನೊತ್ತಿರಿ.