ಯಾರಿಗೂ ಬೇಡವಾದ ಬೀಜದಿಂದ ಹುಟ್ಟಿದ ಕಾರ್ಖಾನೆ

ಪುತ್ತೂರು ಪೇಟೆಗೆ ತಾಗಿಕೊಂಡಿರುವ ಕೆಮ್ಮಿಂಜೆಯಲ್ಲಿ ಒಂದು ಚಾಕೊಲೇಟ್ ಕಾರ್ಖಾನೆಯಿದೆ. ಅದರ ಮಾಲೀಕರು ಅಡಿಕೆ ಬೆಳೆಗಾರರು. ಸಿಹಿ ವ್ಯಾಪಾರದಲ್ಲಿ ಪಳಗಿದ ಮನೆತನವಾಗಲೀ ಹೊರದೇಶದ ಕಂಪನಿಯಾಗಲೀ ಅದನ್ನು ಕಟ್ಟಿಸಲಿಲ್ಲ. ತೋಟದಲ್ಲಿ ಬೆಳೆದ ಬೀಜವನ್ನು ಕೊಳ್ಳುವವರೇ ಇಲ್ಲವಾದಾಗ, ಬೇರೆ ದಾರಿ ಕಾಣದೆ ಬೆಳೆಗಾರರ ಸಹಕಾರಿ ಸಂಘವೇ ಈ ಕೆಲಸಕ್ಕೆ ಕೈಹಾಕಿತು.

ಆ ಸಂಘವೇ ಕ್ಯಾಂಪ್ಕೊ. 1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ನೆಲಕಚ್ಚಿ, ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಕೃಷಿಕರು ಕಂಗಾಲಾಗಿದ್ದರು. ಅವರನ್ನು ಒಗ್ಗೂಡಿಸಲು ಮುಂದೆ ನಿಂತವರು ವಾರಣಾಶಿ ಸುಬ್ರಾಯ ಭಟ್ಟರು. 1973ರ ಜುಲೈ 11ರಂದು ಮಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ಸಂಘ ಆರಂಭವಾಯಿತು, ಭಟ್ಟರೇ ಸ್ಥಾಪಕಾಧ್ಯಕ್ಷರು. ನಮ್ಮ ರಾಜ್ಯಕ್ಕೆ ಆಗಿನ್ನೂ ಮೈಸೂರು ಎಂದೇ ಹೆಸರು. ಅಡಿಕೆ ತೋಟಗಳಿಗೆ ರಾಜ್ಯದ ಗಡಿ ಗೊತ್ತಿಲ್ಲವಲ್ಲ, ಹಾಗಾಗಿ ಕೇರಳವೂ ಜೊತೆಗೂಡಿತು. ಆಗ ನಡೆಯುತ್ತಿದ್ದುದು ಅಡಿಕೆ ವಹಿವಾಟು ಮಾತ್ರ.

ಕೊಕ್ಕೋ ಈ ಕತೆಯೊಳಗೆ ಬಂದದ್ದು ಉಪಬೆಳೆಯಾಗಿ. ಅಡಿಕೆ ಮರಗಳ ನಡುವಿನ ಜಾಗ, ನೆರಳು, ಬೇಸಗೆಯ ನೀರು, ಇವೆಲ್ಲ ಅದಕ್ಕೆ ಒಗ್ಗುತ್ತವೆ. ಉದುರಿದ ಎಲೆ ತೋಟಕ್ಕೇ ಗೊಬ್ಬರ. 1960ರ ದಶಕದ ನಡುವಿನಿಂದ ಕ್ಯಾಡ್ಬರಿ ಕಂಪನಿ ದಕ್ಷಿಣ ಭಾರತದಲ್ಲಿ ಈ ಬೆಳೆಗೆ ಪ್ರೋತ್ಸಾಹ ಕೊಟ್ಟಿತು. ವಿಟ್ಲದ ಸಂಶೋಧನಾ ಕೇಂದ್ರದಲ್ಲಿ ಅಡಿಕೆಯೊಂದಿಗೆ ಅದನ್ನು ಬೆಳೆಸುವ ಪ್ರಯೋಗಗಳು ನಡೆದವು. 1977ರ ಸುಮಾರಿಗೆ ಜಾಗತಿಕ ಬೆಲೆ ಆಕಾಶಕ್ಕೇರಿದಾಗ ಗಿಡ ನೆಡದವರೂ ನೆಟ್ಟರು. ಆ ಗಿಡಗಳು ಫಲ ಕೊಡುವ ಹೊತ್ತಿಗೆ ಬೆಲೆ ಬಿದ್ದುಹೋಗಿತ್ತು. ಖಾಸಗಿ ಖರೀದಿದಾರರು ಹಿಂದೆ ಸರಿದರು.

ಅಡಿಕೆಯಾದರೆ ಒಣಗಿಸಿ ಅಟ್ಟದಲ್ಲಿಟ್ಟು ಧಾರಣೆಗಾಗಿ ಕಾಯಬಹುದು. ಕೊಕ್ಕೋಗೆ ಆ ಸಹನೆ ಇಲ್ಲ. ಕಾಯಿ ಹಳದಿಗೆ ತಿರುಗಿದ ಕೂಡಲೇ ಕೊಯ್ಯಬೇಕು, ತಡವಾದರೆ ಅಳಿಲು ತೂತು ಕೊರೆದು ಬೀಜ ತಿಂದುಹಾಕುತ್ತದೆ. ಕತ್ತಿಯಿಂದ ಒಡೆದರೆ ಬೀಜಕ್ಕೆ ಗಾಯವಾಗುತ್ತದೆಂದು ಮರದ ಕೊರಡಿನಿಂದಲೇ ಒಡೆಯುವುದು. ಒಳಗೆ ಬಿಳಿ ಲೋಳೆ ಸುತ್ತಿಕೊಂಡ ಬೀಜಗಳ ಗೊಂಚಲು. ಆ ಲೋಳೆಯ ಹುಳಿ-ಸಿಹಿಗಾಗಿ ತೋಟದ ಮನೆಯ ಮಕ್ಕಳು ಬೀಜ ಚೀಪುತ್ತಾರೆ. ಅದನ್ನು ಐದಾರು ದಿನ ರಾಶಿ ಹಾಕಿ, ನಡುನಡುವೆ ಮಗುಚಿ ಹುಳಿ ಬರಿಸಬೇಕು. ಚಾಕೊಲೇಟಿನ ಪರಿಮಳಕ್ಕೆ ಬುನಾದಿ ಬೀಳುವುದು ಇಲ್ಲೇ. ಆಮೇಲೆ ಬಿಸಿಲು. ಕರಾವಳಿಯ ಜೂನ್, ಜುಲೈ ತಿಂಗಳಲ್ಲಿ ಬಿಸಿಲನ್ನು ಎಲ್ಲಿಂದ ತರುವುದು? ಹಸಿ ಬೀಜಕ್ಕೆ ಗಿರಾಕಿ ಸಿಗದಿದ್ದರೆ ಬೆಳೆ ಬೂಸಲು ಹಿಡಿದು ಗೊಬ್ಬರದ ಗುಂಡಿಗೇ ಹೋಗಬೇಕು.

1980ರ ಹೊತ್ತಿಗೆ ಕ್ಯಾಂಪ್ಕೊ ಖರೀದಿಗೆ ಇಳಿಯಿತು. ಊರೂರಲ್ಲಿ ಹಸಿ ಬೀಜ ಕೊಂಡು, ಹುಳಿ ಬರಿಸಿ ಒಣಗಿಸುವ ತಲೆನೋವನ್ನು ತಾನೇ ಹೊತ್ತುಕೊಂಡಿತು. ಆದರೆ ಕೊಂಡ ಬೀಜವನ್ನು ಮಾರುವುದು ಯಾರಿಗೆ? ಬರೀ ಬೀಜ ಮಾರುತ್ತಿರುವವರೆಗೂ ಲಂಡನ್, ನ್ಯೂಯಾರ್ಕ್ ಮಾರುಕಟ್ಟೆಗಳ ಏರಿಳಿತಕ್ಕೆ ತಲೆಬಾಗಲೇಬೇಕು. ಅಲ್ಲಿಂದಲೇ ಸ್ವಂತ ಕಾರ್ಖಾನೆಯ ಯೋಚನೆ ಹೊಳೆದದ್ದು. ಯುರೋಪಿನಿಂದ ಯಂತ್ರಗಳು ಬಂದವು. 1986ರ ಸೆಪ್ಟೆಂಬರ್ 1ರಂದು ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಪುತ್ತೂರಿಗೆ ಬಂದು ಉದ್ಘಾಟಿಸಿದರು. ಗುಜರಾತಿನಲ್ಲಿ ಹಾಲಿನ ಸಹಕಾರಿಯಾದ ಅಮುಲ್ ಅದಾಗಲೇ ಚಾಕೊಲೇಟ್ ಮಾಡುತ್ತಿತ್ತು. ಇಲ್ಲಿ ಅದೇ ಚಾಕೊಲೇಟಿನ ಇನ್ನೊಂದು ತುದಿಯನ್ನು, ಬೀಜವನ್ನು, ಹಿಡಿದುಕೊಂಡವರು ಕಾರ್ಖಾನೆ ತೆರೆದರು.

ಒಣಬೀಜ ಹುರಿಯುವಲ್ಲಿಂದ ಕಾಗದ ಸುತ್ತುವವರೆಗಿನ ಎಲ್ಲ ಕೆಲಸವೂ ಒಂದೇ ಆವರಣದಲ್ಲಿ ನಡೆಯುತ್ತದೆ. ಹುರಿದ ಬೀಜದ ಸಿಪ್ಪೆ ಹಾರಿಸಿ ತಿರುಳನ್ನು ಅರೆದರೆ, ಅದರಲ್ಲಿ ಅರ್ಧದಷ್ಟು ಕೊಬ್ಬೇ ಇರುವುದರಿಂದ, ನೀರು ಹಾಕದೆಯೇ ನುಣ್ಣನೆಯ ಕಪ್ಪು ದ್ರವವಾಗುತ್ತದೆ. ಅದನ್ನು ಹಿಂಡಿದರೆ ಒಂದೆಡೆ ಕೊಕ್ಕೋ ಬೆಣ್ಣೆ, ಇನ್ನೊಂದೆಡೆ ಹಿಂಡಿ. ಹಿಂಡಿಯ ಪುಡಿಯೇ ಕೊಕ್ಕೋ ಪೌಡರ್. ಸಕ್ಕರೆ, ಹಾಲಿನ ಪುಡಿ ಬೆರೆಸಿ ಗಂಟೆಗಟ್ಟಲೆ ತಿರುವಿದ ಮೇಲೆ ಹದವಾಗಿ ತಣಿಸಿ ಅಚ್ಚಿಗೆ ಹೊಯ್ಯುತ್ತಾರೆ. ತಣಿಸುವ ಹದ ತಪ್ಪಿದರೆ ಚಾಕೊಲೇಟಿಗೆ ಹೊಳಪಿರುವುದಿಲ್ಲ, ಮುರಿದಾಗ ಟಕ್ಕೆನ್ನುವುದೂ ಇಲ್ಲ.

ಕ್ಯಾಂಪ್ಕೊ ಬಾರ್, ಮೆಲ್ಟೊ, ಟರ್ಬೊ, ಎಕ್ಲೇರ್ಸ್, ಹಾಲಿಗೆ ಬೆರೆಸುವ ವಿನ್ನರ್... ಕರಾವಳಿಯಲ್ಲಿ ಇವು ಪರಿಚಿತ ಹೆಸರುಗಳು. ಘಟ್ಟ ಹತ್ತಿದರೆ ಗುರುತಿಸುವವರು ಕಡಿಮೆ. ತಯಾರಿಕೆಯಲ್ಲಿ ತೋರಿದ ಜಾಣ್ಮೆಯನ್ನು ಸಂಸ್ಥೆ ಮಾರಾಟದಲ್ಲಿ ತೋರಲಿಲ್ಲ ಎನ್ನದೆ ವಿಧಿಯಿಲ್ಲ. ಟಿವಿ ಜಾಹೀರಾತಿಗೆ ಕೋಟಿಗಟ್ಟಲೆ ಸುರಿಯುವ ಕಂಪನಿಗಳೆದುರು, ಒಂದು ಲಕ್ಷಕ್ಕೂ ಮಿಕ್ಕಿದ ಸದಸ್ಯ ಕೃಷಿಕರಿಗೆ ಲೆಕ್ಕ ಒಪ್ಪಿಸಬೇಕಾದ ಸಂಘ ಕೈ ಬಿಗಿಹಿಡಿಯುವುದು ಸಹಜವೇ. ಹಾಗೆಂದು ಯಂತ್ರಗಳು ಸುಮ್ಮನೆ ಕೂರಲಿಲ್ಲ. ನೆಸ್ಲೆಯಂಥ ದೊಡ್ಡ ಕಂಪನಿಗೂ ಪುತ್ತೂರಿನಿಂದ ಚಾಕೊಲೇಟ್ ತಯಾರಾಗಿ ಹೋಗಿದೆ. ಬೇರೆ ಹೆಸರಿನ ಹೊದಿಕೆಯೊಳಗೆ ತಮ್ಮದೇ ಜಿಲ್ಲೆಯ ಸರಕನ್ನು ತಿಂದ ಕನ್ನಡಿಗರು ಎಷ್ಟೋ ಮಂದಿ ಇರಬಹುದು.

ಪಶ್ಚಿಮ ಆಫ್ರಿಕದ ಘಾನಾ ಮತ್ತು ಐವರಿ ಕೋಸ್ಟ್‌ನಲ್ಲಿ ಹವಾಮಾನ ಹಾಗೂ ರೋಗದಿಂದ ಬೆಳೆ ಕೈಕೊಟ್ಟಾಗ, 2024ರಲ್ಲಿ ಕೊಕ್ಕೋ ಬೆಲೆ ಟನ್ನಿಗೆ 10,000 ಡಾಲರ್ ದಾಟಿತು. ಅದುವರೆಗೆ ಕೊಕ್ಕೋ ಗಿಡ ಕಡಿದವರು ಕೈಕೈ ಹಿಸುಕಿಕೊಂಡರು. ದುಬಾರಿ ಬೀಜ ಕೊಂಡು ಸಿಹಿ ಮಾಡುವ ಯಾವುದೇ ಕಂಪನಿಗೆ ಇದು ನಷ್ಟದ ಸುದ್ದಿ. ಕೆಮ್ಮಿಂಜೆಯಲ್ಲಿ ಮಾತ್ರ ಲೆಕ್ಕ ಅಷ್ಟು ಸರಳವಲ್ಲ. ಕಾರ್ಖಾನೆಯ ಖರ್ಚಿನ ಪುಸ್ತಕದಲ್ಲಿ ಏರಿದ ಮೊತ್ತವೇ ಅದರ ಮಾಲೀಕರ ತೋಟದ ಆದಾಯ. 2025ರಲ್ಲಿ ಬೆಲೆ ಮತ್ತೆ ಇಳಿದಾಗ ಅದೇ ಲೆಕ್ಕ ತಿರುವುಮುರುವಾಯಿತು: ಕಾರ್ಖಾನೆಗೆ ಬೀಜ ಅಗ್ಗ, ಬೀಜ ಅಳೆದುಕೊಟ್ಟ ಸದಸ್ಯರ ಚೀಟಿಯಲ್ಲಿ ಮೊತ್ತ ಕಡಿಮೆ.