ಗಾಳದ ಕೋಲು ಯಾರ ಪಕ್ಷ?

ದೊಡ್ಡಬಳ್ಳಾಪುರದಿಂದ ಓದುಗರೊಬ್ಬರ ಪತ್ರ ಬಂದಿದೆ. ಬರೆದವರು ಮಗ್ಗದವರು, ಪವರ್‌ಲೂಮ್ ಇಟ್ಟುಕೊಂಡು ರೇಷ್ಮೆ ಸೀರೆ ನೇಯುತ್ತಾರೆ. ಬಿಡುವು ಸಿಕ್ಕಾಗ ಕೆರೆ ಏರಿಯ ಮೇಲೆ ಗಾಳ ಹಾಕಿ ಕೂರುತ್ತಾರೆ, ವರ್ಷಕ್ಕೊಮ್ಮೆ ಗೆಳೆಯರ ಜೊತೆ ಮಲ್ಪೆಗೂ ಹೋಗುತ್ತಾರಂತೆ. ಅವರು ಕೇಳುವುದು ಇಷ್ಟು: ‘ಕೆರೆಗೂ ಕಡಲಿಗೂ ಆಗುವಂಥ ಒಂದು ಕೋಲು ಕೊಳ್ಳಬೇಕು. ದೊಡ್ಡ ಮೀನು ಬಿದ್ದರೂ ಬಗ್ಗದ ಗಟ್ಟಿ ಕೋಲು ಯಾವುದು, ತಿಳಿಸಿ.’

ಈ ‘ಬಗ್ಗದ ಕೋಲು’ ಎಂಬ ಆಸೆ ಅವರೊಬ್ಬರದಲ್ಲ. ಅಂಗಡಿಯಲ್ಲಿ ಕೋಲನ್ನು ಕೈಗೆತ್ತಿಕೊಂಡವರೆಲ್ಲ ಮೊದಲು ಅದನ್ನು ಗಾಳಿಯಲ್ಲಿ ಅಲ್ಲಾಡಿಸಿ ನೋಡುತ್ತಾರೆ. ಬಳುಕಿದರೆ ‘ಇದು ತಡೆಯಲ್ಲ ಬಿಡಿ’ ಎಂದು ಪಕ್ಕಕ್ಕಿಟ್ಟು, ದಪ್ಪನೆಯದನ್ನು ಕೊಂಡು ಬರುತ್ತಾರೆ. ನನಗೆ ಇದರಷ್ಟು ಬೇಸರ ತರುವ ತಪ್ಪು ಕಲ್ಪನೆ ಗಾಳದ ಲೋಕದಲ್ಲಿ ಇನ್ನೊಂದಿಲ್ಲ. ಬಗ್ಗದ ಕೋಲು ಮೀನಿನ ಪಕ್ಷ ವಹಿಸುತ್ತದೆ. ಹೇಗೆ ಎಂಬುದು ಎಷ್ಟು ಸೊಗಸಾದ ಸಂಗತಿಯೆಂದರೆ, ಈ ಲೇಖನದ ಬಹುಪಾಲನ್ನು ಅದಕ್ಕೇ ಕೊಡುತ್ತೇನೆ.

ಶಾಲೆಯಲ್ಲಿ ಸನ್ನೆಗಳ ಪಾಠ ಓದಿದವರಿಗೆ ನೆನಪಿರಬಹುದು, ಮೂರನೆಯ ವರ್ಗದ ಸನ್ನೆಗೆ ಪುಸ್ತಕಗಳು ಕೊಡುವ ಉದಾಹರಣೆಯೇ ಗಾಳದ ಕೋಲು. ಹಾರೆಯಿಂದ ಬಂಡೆ ಮೀಟುವಾಗ ನಾವು ಉದ್ದದ ತುದಿಯಲ್ಲಿರುತ್ತೇವೆ, ಬಂಡೆ ಗಿಡ್ಡ ತುದಿಯಲ್ಲಿರುತ್ತದೆ. ಹಾಗಾಗಿ ಸಣ್ಣ ಬಲಕ್ಕೆ ದೊಡ್ಡ ಭಾರ ಏಳುತ್ತದೆ. ಗಾಳದ ಕೋಲಿನಲ್ಲಿ ಈ ಲೆಕ್ಕ ತಲೆಕೆಳಗು. ಕೋಲಿನ ಬುಡ ಸೊಂಟಕ್ಕೆ ಆನಿಸಿದೆ, ಕೈ ಅಲ್ಲಿಂದ 40 ಸೆಂಟಿಮೀಟರ್ ಮುಂದಿದೆ, ಎಂಟು ಅಡಿಯ ಆಚೆ ತುದಿಯಲ್ಲಿ ಮೀನಿದೆ ಎನ್ನಿ. ಎಂಟು ಅಡಿ ಎಂದರೆ ಸುಮಾರು 240 ಸೆಂಟಿಮೀಟರ್. ಮೀನು ತುದಿಯನ್ನು ಒಂದು ಕಿಲೋ ಬಲದಿಂದ ಜಗ್ಗಿದರೆ ನಿಮ್ಮ ಕೈ ಆರು ಕಿಲೋ ಬಲದಿಂದ ಎತ್ತಬೇಕು. ಉದ್ದದ ತುದಿ ಹಿಡಿದಿರುವುದು ಮೀನು!

ನಂಬದವರು ಮನೆಯಲ್ಲೇ ಮಾಡಿ ನೋಡಬಹುದು. ಒಂದು ಲೀಟರ್ ನೀರಿನ ಬಾಟಲಿಯನ್ನು ದಾರಕ್ಕೆ ಕಟ್ಟಿ, ಕೋಲನ್ನು ನೆಲಕ್ಕೆ ಸಮವಾಗಿ ಹಿಡಿದು, ಬಾಟಲಿಯನ್ನು ನೆಲದಿಂದ ಒಂದು ಗೇಣು ಮೇಲಕ್ಕೆ ಎತ್ತಿ. ಶಾಲಾ ಮಕ್ಕಳ ಮುಂದೆ ನಾನು ಇದನ್ನು ಮಾಡಿಸುತ್ತಿರುತ್ತೇನೆ. ಬರಿಗೈಯಲ್ಲಿ ಕಿರುಬೆರಳಿಗೆ ಸಿಕ್ಕಿಸಿ ಎತ್ತುವ ಬಾಟಲಿ ಅದು. ಆದರೆ ಬಗ್ಗದ ದಪ್ಪ ಕೋಲಿನ ತುದಿಯಲ್ಲಿ ಅದೇ ಬಾಟಲಿ ಇದ್ದರೆ ತರಗತಿಯ ಗಟ್ಟಿಗ ಹುಡುಗನ ಮುಂಗೈ ಕೂಡ ನಡುಗತೊಡಗುತ್ತದೆ. ಆಮೇಲೆ ಅವನ ಕೈಗೆ ಚೆನ್ನಾಗಿ ಬಳುಕುವ ಕೋಲು ಕೊಡುತ್ತೇನೆ. ಅದು ಬಿಲ್ಲಿನ ಹಾಗೆ ಬಾಗಿ ನಿಲ್ಲುತ್ತದೆ, ಬಾಟಲಿ ಆರಾಮವಾಗಿ ಏಳುತ್ತದೆ. ಮಕ್ಕಳ ಮುಖ ನೋಡಬೇಕು ಆಗ.

ಆದದ್ದು ಇಷ್ಟೇ. ಸನ್ನೆಯಲ್ಲಿ ಲೆಕ್ಕಕ್ಕೆ ಬರುವುದು ಕೋಲಿನ ಉದ್ದವಲ್ಲ, ಬುಡದಿಂದ ದಾರದ ಎಳೆತದ ರೇಖೆಗೆ ಲಂಬವಾಗಿ ಅಳೆದ ದೂರ. ಕೋಲು ಬಾಗಿದಾಗ ತುದಿ ಹಿಂದಕ್ಕೆ ಬಂದು ಆ ದೂರ ಕಡಿಮೆಯಾಗುತ್ತದೆ. 240 ಸೆಂಟಿಮೀಟರ್ ಇದ್ದದ್ದು 120ಕ್ಕೆ ಇಳಿದರೆ ಕೈಗೆ ಬೀಳುವ ಹೊರೆ ಆರರಿಂದ ಮೂರು ಕಿಲೋಗೆ ಇಳಿಯುತ್ತದೆ. ಮೀನು ಜೋರಾಗಿ ಎಳೆದಷ್ಟೂ ಕೋಲು ತನ್ನಷ್ಟಕ್ಕೆ ಗಿಡ್ಡವಾಗುತ್ತಾ ಹೋಗುತ್ತದೆ, ಭಾರವನ್ನು ತೆಳು ತುದಿಯಿಂದ ದಪ್ಪ ಬುಡದ ಕಡೆಗೆ ಸಾಗಿಸುತ್ತದೆ. ಮೀನು ಸುಮ್ಮನಾದರೆ ಮತ್ತೆ ನೆಟ್ಟಗಾಗಿ ದಾರ ಸಡಿಲವಾಗದಂತೆ ಕಾಯುತ್ತದೆ. ಗೇರು, ಮೋಟಾರು ಏನೂ ಇಲ್ಲದೆ ಒಂದು ಕಡ್ಡಿ ಇದನ್ನೆಲ್ಲ ಮಾಡುತ್ತದಲ್ಲ, ಎಷ್ಟು ಸಲ ನೋಡಿದರೂ ನನಗೆ ತಣಿಯದು.

ಹಾಗಾದರೆ ಇಷ್ಟು ನಷ್ಟದ ಸನ್ನೆಯನ್ನು ಯಾಕೆ ಹಿಡಿಯಬೇಕು? ಎಸೆಯುವುದಕ್ಕೆ. ಬಲದಲ್ಲಿ ಕಳೆದುಕೊಂಡದ್ದನ್ನು ಕೋಲು ವೇಗದಲ್ಲಿ ತೀರಿಸುತ್ತದೆ. ಕೈ ಒಂದು ಗೇಣು ಸರಿದರೆ ತುದಿ ಆರು ಗೇಣು ಸರಿಯುತ್ತದೆ. ಜೊತೆಗೆ ಬಾಗಿದ ಕೋಲು ನೆಟ್ಟಗಾಗುವಾಗ ತನ್ನಲ್ಲಿ ಕೂಡಿಟ್ಟ ಶಕ್ತಿಯನ್ನು ಸೀಸದ ಗುಂಡಿಗೆ ಕೊಟ್ಟುಬಿಡುತ್ತದೆ. ಎಸೆತಕ್ಕೆ ಉದ್ದ ಬೇಕು, ಎಳೆತಕ್ಕೆ ಗಿಡ್ಡ ಬೇಕು. ಕೋಲು ಆರಿಸುವವರು ಇದೊಂದನ್ನು ಹಿಡಿದುಕೊಂಡರೆ ಸಾಕು. ಮರಳ ದಂಡೆಯಲ್ಲಿ ನಿಂತು ಅಲೆ ಒಡೆಯುವ ಜಾಗದಾಚೆಗೆ ಎಸೆಯುವವರು 10ರಿಂದ 13 ಅಡಿಯ ಕೋಲು ಹಿಡಿಯುವುದು, ದೋಣಿಯಲ್ಲಿ ಹೋಗಿ ಅಂಜಲ್‌ನಂಥ ಬಿರುಸಿನ ಮೀನು ಹಿಡಿಯುವವರು ಆರು ಅಡಿಯ ಗಿಡ್ಡ ಕೋಲು ಹಿಡಿಯುವುದು ಇದೇ ಕಾರಣಕ್ಕೆ. ದೋಣಿಯಲ್ಲಿ ಎಸೆತಕ್ಕಿಂತ ಕೆಳಗಿನಿಂದ ಮೇಲಕ್ಕೆ ಎಳೆಯುವ ಕೆಲಸವೇ ಹೆಚ್ಚು.

ಮೀನಿನ ತೂಕದ ಬಗ್ಗೆಯೂ ಒಂದು ಮಾತು. ನೀರಿನೊಳಗೆ ಐದು ಕಿಲೋ ಕಾಟ್ಲಾದ ತೂಕ ಹೆಚ್ಚುಕಡಿಮೆ ಸೊನ್ನೆ. ಗಾಳಿಚೀಲದ ನೆರವಿನಿಂದ ಅದು ತೇಲದೆ ಮುಳುಗದೆ ನಿಂತಿರುತ್ತದೆ. ಅಲ್ಲಿ ನೀವು ಎದುರಿಸುವುದು ಅದರ ಈಜಿನ ಬಲವನ್ನು ಮಾತ್ರ. ನೀರಿನಿಂದ ಹೊರಗೆತ್ತಿದ ಕೂಡಲೇ ಐದೂ ಕಿಲೋ ವಾಪಸು ಬಂದು ತುದಿಗೆ ನೇತುಬೀಳುತ್ತದೆ. ದಡದವರೆಗೆ ಸಲೀಸಾಗಿ ಬಂದ ಮೀನು ಕೊನೆಯ ಗಳಿಗೆಯಲ್ಲಿ ದಾರ ಕಡಿದುಕೊಂಡೋ ಕೋಲು ಮುರಿದೋ ಹೋಗುವುದು ಹೀಗೆ. ಮೀನನ್ನು ಕೋಲಿನಿಂದ ಎತ್ತಬಾರದು, ಕೈಬಲೆ ಕೆಳಗಿಟ್ಟು ತೆಗೆದುಕೊಳ್ಳಬೇಕು.

ನಮ್ಮ ರಾಜ್ಯದ ಅತಿ ಹೆಸರಾದ ಗಾಳದ ಮೀನು ಕೂಡ ಎತ್ತಿ ಹಿಡಿದದ್ದಲ್ಲ, ದಣಿಸಿ ಹಿಡಿದದ್ದು. 1946ರ ಮಾರ್ಚ್ 22ರಂದು ಮೈಸೂರಿನ ವಾನ್ ಇಂಗನ್ ಮನೆತನದ ಡಿ ವೆಟ್ ವಾನ್ ಇಂಗನ್ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ 54 ಕಿಲೋ ತೂಗಿತ್ತು. ಬಾಗಿದ ಕೋಲು ಹೇರುವ ಬಲ ಕೆಲವೇ ಕಿಲೋಗಳದು. ಆದರೆ ಅದು ಎಡೆಬಿಡದೆ ಇರುತ್ತದೆ. ಮೀನು ಬಿರುಸಾಗಿ ಓಡಲು ಬಳಸುವ ಬಿಳಿ ಸ್ನಾಯುಗಳು ಆಮ್ಲಜನಕಕ್ಕೆ ಕಾಯದೆ ಕೆಲಸ ಮಾಡಿ ಬೇಗ ಸೋಲುತ್ತವೆ. ಆ ಸೋಲಿನ ತನಕ ದಾರ ಉಳಿಸಿಕೊಡುವುದೇ ಕೋಲಿನ ಕೆಲಸ. ಗಾಳ ಹಿಡಿಯುವವರಿಗೆ ಇಂಗ್ಲಿಷರ ಕಾಲದಿಂದಲೂ ಕರ್ನಾಟಕದ ನದಿಗಳು ಗೊತ್ತು. ಮದರಾಸು ಸಿವಿಲ್ ಸರ್ವಿಸಿನ ಎಚ್.ಎಸ್. ಥಾಮಸ್ ಬರೆದ ‘ದ ರಾಡ್ ಇನ್ ಇಂಡಿಯಾ’ 1873ರಲ್ಲಿ ನಮ್ಮ ಮಂಗಳೂರಿನಲ್ಲೇ ಅಚ್ಚಾಯಿತು. ಕಾವೇರಿಯ ಗಾಳಗಾರರು ಮಹಶೀರ್‌ಗೆ ಹಾಕುತ್ತಿದ್ದ ಎರೆ ಏನು ಗೊತ್ತೇ? ಬೇಯಿಸಿದ ರಾಗಿ ಹಿಟ್ಟಿನ ಉಂಡೆ! ಹಾಗೆಂದು ಯಾರೂ ಈಗ ಅತ್ತ ಹೊರಡಬೇಡಿ. ನಂದಿ ಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಕೆರೆಗಳನ್ನು ಹಾದು ಹೋಗುವ ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದಲ್ಲ, ಆ ಸೀಮೆಯೇ ಈ ಡುಬ್ಬದ ಮಹಶೀರ್‌ನ ನೆಲೆ. 2018ರಲ್ಲಿ ಅದು ಟಾರ್ ರೆಮಾದೇವಿ ಎಂಬ ಪ್ರಭೇದವೆಂದು ಗುರುತಾಯಿತು. ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಕಾವೇರಿ ವನ್ಯಧಾಮದೊಳಗೆ ಗಾಳ ಹಾಕುವಂತಿಲ್ಲ. ಆ ಮೀನು ಅಲ್ಲಿ ಬದುಕಿಕೊಂಡಿರಲಿ.

ಇನ್ನು ಕೋಲಿನ ಒಡಲು. ಬಿದಿರಿನ ಗಳುವನ್ನು ಅಡ್ಡ ಕತ್ತರಿಸಿ ಭೂತಗನ್ನಡಿಯಲ್ಲಿ ನೋಡಿ. ನಾರಿನ ಕಪ್ಪು ಚುಕ್ಕಿಗಳು ಹೊರ ಸಿಪ್ಪೆಯ ಕಡೆ ಒತ್ತೊತ್ತಾಗಿವೆ, ಒಳಗೆ ಹೋದಂತೆ ವಿರಳ, ನಡುವೆ ಟೊಳ್ಳು. ಇದರ ಹಿಂದಿನ ಗಣಿತ ಬೆರಗು ಹುಟ್ಟಿಸುತ್ತದೆ. ಕೋಲಿನ ಬಿಗುವು ಅದರ ವ್ಯಾಸದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ದಪ್ಪ ಎರಡು ಪಟ್ಟಾದರೆ ಬಿಗುವು 16 ಪಟ್ಟು. ಈಗ ಗಟ್ಟಿ ಕೋಲೊಂದರ ನಡುವೆ ಅದರ ಅರ್ಧ ವ್ಯಾಸದಷ್ಟು ಕೊರೆದು ತೆಗೆದರೆ ತೂಕದಲ್ಲಿ ನಾಲ್ಕರಲ್ಲಿ ಒಂದು ಪಾಲು ಇಳಿಯುತ್ತದೆ. ಬಿಗುವಿನಲ್ಲಿ ಹೋಗುವುದು 16ರಲ್ಲಿ ಒಂದೇ ಪಾಲು. ಗಾಜಿನ ನಾರಿನ, ಕಾರ್ಬನ್ ನಾರಿನ ಕೋಲುಗಳಲ್ಲಿ ಹೆಚ್ಚಿನವು ಟೊಳ್ಳು ಕೊಳವೆಗಳಾಗಿರುವುದು ಬಿದಿರು ಮೊದಲೇ ಕಂಡುಕೊಂಡ ಈ ಲಾಭಕ್ಕಾಗಿ. ಗಾಜಿನ ನಾರಿನದು ತುಸು ಭಾರ, ಆದರೆ ಒರಟು ಬಳಕೆ ತಾಳುತ್ತದೆ, ಬೆಲೆ ಕಡಿಮೆ. ಕಾರ್ಬನ್ ಹಗುರ, ದಾರದ ಸಣ್ಣ ಮಿಡಿತವೂ ಕೈಗೆ ಗೊತ್ತಾಗುತ್ತದೆ. ಕಲ್ಲಿಗೆ ತಾಗಿ ಗೀರು ಬಿದ್ದರೆ ಮಾತ್ರ ಒಂದು ದಿನ ಮುನ್ಸೂಚನೆಯಿಲ್ಲದೆ ಫಟ್ಟನೆ ಮುರಿಯುತ್ತದೆ. ಕಾರ್ಬನ್‌ನಲ್ಲಿ ವಿದ್ಯುತ್ ಹರಿಯುತ್ತದೆ ಎಂಬುದನ್ನೂ ಗಟ್ಟಿಯಾಗಿ ಹೇಳಬೇಕು. ನಮ್ಮ ಬಯಲುಸೀಮೆಯ ಕೆರೆ ಏರಿಗಳ ಮೇಲೆ, ಅಚ್ಚುಕಟ್ಟಿನ ಪಂಪ್‌ಸೆಟ್‌ಗಳ ಸುತ್ತ ಕರೆಂಟಿನ ತಂತಿಗಳು ಜೋಲುಬಿದ್ದಿರುತ್ತವೆ. ಅಂಥ ಕಡೆ ಕೋಲು ಬೀಸುವುದಿರಲಿ, ನೆಟ್ಟಗೆ ಹಿಡಿದು ನಡೆಯಲೂಬಾರದು. ಗುಡುಗು ಕೇಳಿದರೆ ಕೋಲು ಕೆಳಗಿಟ್ಟು ಏರಿಯಿಂದ ಇಳಿಯಬೇಕು.

ಕೋಲಿನ ಮೇಲೆ ಎರಡು ಪದ ಅಚ್ಚಾಗಿರುತ್ತವೆ, ಪವರ್ ಮತ್ತು ಆ್ಯಕ್ಷನ್. ಎಷ್ಟು ಬಲಕ್ಕೆ ಬಾಗುತ್ತದೆ ಎಂಬುದು ಪವರ್, ಎಲ್ಲಿ ಬಾಗುತ್ತದೆ ಎಂಬುದು ಆ್ಯಕ್ಷನ್. ಫಾಸ್ಟ್ ಎಂದಿದ್ದರೆ ತುದಿಯ ಭಾಗವಷ್ಟೇ ಬಾಗುತ್ತದೆ, ಮಾಡರೇಟ್ ಎಂದಿದ್ದರೆ ನಡುವಿನ ತನಕ. ಜಿಲೇಬಿ, ಗೆಂಡೆ, ರೋಹು, ಕಾಟ್ಲಾ ಸಿಗುವ ನಮ್ಮ ಕೆರೆಗಳಿಗೆ ಏಳೆಂಟು ಅಡಿಯ, ಮೀಡಿಯಂ ಪವರಿನ, ನಡುವಿನ ತನಕ ಬಾಗುವ ಕೋಲು ಹೇಳಿಮಾಡಿಸಿದ್ದು. ಕೊಳ್ಳುವ ಮೊದಲು ಕೆರೆಯ ಮೀನಿನ ಗುತ್ತಿಗೆ ಯಾರದೆಂದು ವಿಚಾರಿಸಿ ಅವರ ಒಪ್ಪಿಗೆ ಪಡೆದಿರಿ.

ದಾರದ ಬಿಗಿ ಕಾಯುವ ರೀಲಿನ ಡ್ರ್ಯಾಗ್ ಬಗ್ಗೆ ಪತ್ರ ಬರೆದವರಿಗೆ ಹೆಚ್ಚು ಹೇಳಬೇಕಿಲ್ಲ. ಮಗ್ಗದಲ್ಲಿ ಹಾಸಿನ ಬಿಗಿ ಹೆಚ್ಚಾದರೆ ಎಳೆ ಕಡಿಯುತ್ತದೆ, ಕಡಿಮೆಯಾದರೆ ನೇಯ್ಗೆ ಕೆಡುತ್ತದೆ. ಗಾಳದ ದಾರದ್ದೂ ಹಾಗೆಯೇ. ದಾರ ತಡೆಯುವ ಬಲದ ಮೂರರಲ್ಲಿ ಅಥವಾ ನಾಲ್ಕರಲ್ಲಿ ಒಂದು ಪಾಲಿಗೆ ಬಿಗಿ ಇಟ್ಟು, ಅದಕ್ಕಿಂತ ಜೋರಾಗಿ ಮೀನು ಎಳೆದರೆ ರೀಲು ದಾರ ಬಿಡುವಂತಿರಬೇಕು. ತಕ್ಕಡಿಯ ಕೊಕ್ಕೆಗೆ ದಾರ ಕಟ್ಟಿ ಎಳೆದು ನೋಡಿದರೆ ಲೆಕ್ಕ ಸಿಗುತ್ತದೆ. ಮೀನು ಎಳೆಯುವಾಗ ಕೋಲಿಗೂ ದಾರಕ್ಕೂ ನಡುವೆ ಸುಮಾರು 45ರಿಂದ 60 ಡಿಗ್ರಿ ಕೋನವಿದ್ದರೆ ಚೆನ್ನ. ದಡದ ಹತ್ತಿರ ಬಂದ ಮೀನನ್ನು ನೋಡಿದ ಸಡಗರದಲ್ಲಿ ಕೋಲನ್ನು ತಲೆಯ ಮೇಲೆ ನೆಟ್ಟಗೆ ನಿಲ್ಲಿಸಿ ಹಿಂದಕ್ಕೆ ಬಾಗಿಸುವವರನ್ನು ಪ್ರತಿ ಕೆರೆಯಲ್ಲೂ ನೋಡುತ್ತೇನೆ. ಆಗ ಬುಡಕ್ಕೆ ಭಾರವೇ ಹೋಗುವುದಿಲ್ಲ, ಪೂರ್ತಿ ಎಳೆತ ಕಡ್ಡಿಯಂಥ ತುದಿಯ ಮೇಲೆ ಬಿದ್ದು ಅದು ಮುರಿಯುತ್ತದೆ.

ಮುರಿದ ಮೇಲೆ, ಇಲ್ಲವೇ ದಾರ ಕಡಿದ ಮೇಲೆ ಶುರುವಾಗುತ್ತದೆ ನೋಡಿ: ‘ಯಾರದೋ ಕಣ್ಣು ಬಿತ್ತು’, ‘ಹೊರಡುವಾಗ ಎಲ್ಲಿಗೆ ಅಂತ ಕೇಳಿದರು, ಅದಕ್ಕೇ ಹೀಗಾಯಿತು’. ಕೇಳಿದ ಮನೆಯವರ ಮೇಲೆ ಸಿಟ್ಟು ಮಾಡುವವರೂ ಇದ್ದಾರೆ. ಇದು ಅನ್ಯಾಯ. ಕೋಲಿನುದ್ದಕ್ಕೂ ದಾರ ಹಾಯುವ ಉಂಗುರಗಳಿವೆಯಲ್ಲ, ಅವುಗಳೊಳಗಿನ ಪಿಂಗಾಣಿ ಬಳೆಯಲ್ಲಿ ಕಣ್ಣಿಗೆ ಕಾಣದಷ್ಟು ಸೀಳು ಬಿಟ್ಟಿದ್ದರೂ ಸಾಕು, ಪ್ರತಿ ಎಸೆತದಲ್ಲೂ ಅದು ನೈಲಾನ್ ದಾರವನ್ನು ಹೆರೆಯುತ್ತಿರುತ್ತದೆ. ಒಂದಿಷ್ಟು ಹತ್ತಿಯನ್ನು ಉಂಗುರದೊಳಗೆ ಸುತ್ತಲೂ ಉಜ್ಜಿ ತೆಗೆಯಿರಿ. ಸೀಳಿದ್ದರೆ ಎಳೆ ಸಿಕ್ಕಿಕೊಳ್ಳುತ್ತದೆ. ದೊಡ್ಡಬಳ್ಳಾಪುರದವರಿಗೆ ಹತ್ತಿಯೂ ಬೇಡ. ಹುರಿ ಹಾಕದ ರೇಷ್ಮೆಯ ಒಂದೆಳೆ ಉಂಗುರದಲ್ಲಿ ಹಾಯಿಸಿ ಎಳೆದಾಡಿದರೆ ಜುಂಗು ಏಳುತ್ತದೋ ಇಲ್ಲವೋ ಎಂದು ನಿಮ್ಮ ಬೆರಳೇ ಹೇಳುತ್ತದೆ. ಅಮಾವಾಸ್ಯೆ ಹುಣ್ಣಿಮೆಯ ಮಾತೂ ಇದೆ. ಮಲ್ಪೆಯಲ್ಲಿ ಆ ದಿನಗಳಿಗೆ ನಿಜವಾಗಿ ಅರ್ಥವಿದೆ, ಸೂರ್ಯಚಂದ್ರರ ಸೆಳೆತ ಒಂದಾಗಿ ಭರತ ಇಳಿತ ಜೋರಾಗುತ್ತದೆ, ಹರಿವಿನ ಜೊತೆ ಮೀನು ಓಡಾಡುತ್ತದೆ. ಆ ನಂಬಿಕೆಯನ್ನು ಘಟ್ಟ ಹತ್ತಿಸಿ ದೊಡ್ಡಬಳ್ಳಾಪುರದ ನಾಗರಕೆರೆಗೆ ತಂದರೆ ನಡೆಯದು, ಇಲ್ಲಿ ಭರತವೂ ಇಲ್ಲ, ಇಳಿತವೂ ಇಲ್ಲ.

ಕಡೆಯದಾಗಿ ಒಂದೇ ಕೋಲಿನ ಪ್ರಶ್ನೆ. ಕಡಲಿನ ಕೋಲನ್ನು ಕೆರೆಗೆ ತರಬಹುದು, ಕೆರೆಯ ಕೋಲನ್ನು ಕಡಲಿಗೆ ಒಯ್ದರೆ ಬಾಳುವುದಿಲ್ಲ. ಅದಕ್ಕೆ ಕಾರಣ ಮೀನಿನ ಗಾತ್ರಕ್ಕಿಂತ ಹೆಚ್ಚಾಗಿ ಉಪ್ಪು. ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಅದು ಕಬ್ಬಿಣಕ್ಕೆ ತುಕ್ಕು ಹಿಡಿಸುವುದು ಎಲ್ಲರಿಗೂ ಗೊತ್ತು. ಕಾರ್ಬನ್ ಕೋಲಿಗೆ ಅಲ್ಯುಮಿನಿಯಂ ಪಟ್ಟಿ ತಾಗಿರುವ ಕಡೆ ಉಪ್ಪುನೀರು ಸೇರಿದರೆ ಅಲ್ಲೊಂದು ಪುಟ್ಟ ವಿದ್ಯುತ್ ಕೋಶವೇ ಹುಟ್ಟುತ್ತದೆ. ಕಾರ್ಬನ್‌ಗೆ ಏನೂ ಆಗುವುದಿಲ್ಲ, ಅಲ್ಯುಮಿನಿಯಂ ಕರಗಿ ಬಿಳಿ ಪುಡಿಯಾಗಿ ಉದುರುತ್ತದೆ. ಹಾಗಾಗಿ ಒಂದೇ ಕೋಲು ಸಾಕೆನ್ನುವವರು ಎಂಟೊಂಬತ್ತು ಅಡಿಯ, ಮೀಡಿಯಂ ಹೆವಿ ಪವರಿನ, ಗಾಜಿನ ನಾರಿನ ಅಥವಾ ಎರಡೂ ನಾರು ಬೆರೆಸಿದ ಕೋಲು ಕೊಳ್ಳಲಿ. ಉಂಗುರದ ಚೌಕಟ್ಟು ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ, ರೀಲು ಕೂರುವ ಜಾಗ ಗ್ರಾಫೈಟ್ ಬೆರೆತ ಪ್ಲಾಸ್ಟಿಕ್‌ನದಾಗಿರಲಿ. ಸಣ್ಣ ಜಿಲೇಬಿ ಹಿಡಿಯುವ ಸುಖ ಅದರಲ್ಲಿ ತುಸು ಕಡಿಮೆ, ಇರಲಿ. ಮಲ್ಪೆಯಿಂದ ಹೊರಡುವ ಸಂಜೆ, ಬಸ್ ಹತ್ತುವ ಮೊದಲೇ, ಕೋಲಿನ ಜೋಡಣೆ ಬಿಚ್ಚಿ ಸಿಹಿನೀರಿನ ನಲ್ಲಿ ಕೆಳಗೆ ಹಿಡಿಯಿರಿ. ಉಂಗುರಗಳ ಬುಡ, ರೀಲಿನ ತಿರುಪು, ಜೋಡಣೆಯ ಬಾಯಿ, ಈ ಮೂರು ಕಡೆ ಬೆರಳಿನಿಂದ ಉಜ್ಜಿ ತೊಳೆದು, ಬಟ್ಟೆಯಲ್ಲಿ ಒರೆಸಿ, ನೆರಳಿನಲ್ಲಿ ಒಣಗಿಸಿ ಆಮೇಲೆ ಚೀಲಕ್ಕೆ ಹಾಕಿ. ಒದ್ದೆ ಕೋಲನ್ನು ಚೀಲದಲ್ಲಿ ಮುಚ್ಚಿಟ್ಟು ರಾತ್ರಿಯಿಡೀ ಘಟ್ಟ ಹತ್ತಿಸಿಕೊಂಡು ಬಂದರೆ, ನೀವು ಮಲಗಿರುವಾಗಲೂ ಉಪ್ಪು ತನ್ನ ಕೆಲಸ ಮಾಡುತ್ತಲೇ ಇರುತ್ತದೆ.