ಕಿಡಿಯ ಮೇಲೆ ಬಂದ ಅಪವಾದ

1910ರ ದಶಕದಲ್ಲಿ ಅಮೆರಿಕದ ಕಾರು ಮಾಲೀಕರ ನಿದ್ದೆ ಕೆಡಿಸಿದ್ದು ಒಂದು ಸದ್ದು. ಸಪಾಟು ರಸ್ತೆಯಲ್ಲಿ ಸುಮ್ಮನೆ ಓಡುತ್ತಿದ್ದ ಇಂಜಿನ್, ಏರು ಬಂದು ಜೋರು ಕೊಟ್ಟೊಡನೆ ಟಣ್ ಟಣ್ ಎಂದು ಕುಟ್ಟತೊಡಗುತ್ತಿತ್ತು. ಎಳೆಯುವ ಶಕ್ತಿ ಕುಸಿಯುತ್ತಿತ್ತು, ಇಂಜಿನ್ ವಿಪರೀತ ಕಾಯುತ್ತಿತ್ತು. ಹಾಗೇ ಓಡಿಸಿದರೆ ಪಿಸ್ಟನ್ ಬಿರಿಯುವುದೂ ಇತ್ತು. ನಮ್ಮ ಮೆಕ್ಯಾನಿಕ್‌ಗಳು ಇದನ್ನು ನಾಕಿಂಗ್ ಎನ್ನುತ್ತಾರೆ. ಆಗ ಇದರ ಕಾರಣ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಆದರೆ ಬೆರಳು ತೋರಿಸಲು ಒಬ್ಬರು ಸಿಕ್ಕಿದ್ದರು: ಚಾರ್ಲ್ಸ್ ಕೆಟರಿಂಗ್.

ಓಹಿಯೊ ರಾಜ್ಯದ ಡೇಟನ್ ಊರಿನ ಈ ಇಂಜಿನಿಯರ್, ತಿರುಗಿದಾಗ ಕಿಡಿಗೆ ವಿದ್ಯುತ್ ಕೊಡುವ ಮ್ಯಾಗ್ನೆಟೊ ಬದಲು ಬ್ಯಾಟರಿಯಿಂದಲೇ ಕಿಡಿ ಹಾರಿಸುವ ಇಗ್ನಿಷನ್ ವ್ಯವಸ್ಥೆ ಮಾಡಿ 1910ರ ಕ್ಯಾಡಿಲ್ಯಾಕ್ ಕಾರುಗಳಿಗೆ ಕೊಟ್ಟಿದ್ದರು. 1912ರ ಮಾದರಿಗೆ ಹ್ಯಾಂಡಲ್ ತಿರುಗಿಸುವ ಕಷ್ಟ ತಪ್ಪಿಸುವ ಸೆಲ್ಫ್ ಸ್ಟಾರ್ಟರ್ ಕೂಡ ಬಂತು. ಅದೇ ವರ್ಷಗಳಲ್ಲಿ ನಾಕಿಂಗ್ ದೂರುಗಳೂ ಹೆಚ್ಚಿದವು. ಪ್ರತಿಸ್ಪರ್ಧಿಗಳಿಗೆ ಇಷ್ಟೇ ಸಾಕಿತ್ತು. ಕಿಡಿ ಹೊತ್ತಲ್ಲದ ಹೊತ್ತಿನಲ್ಲಿ ಹಾರುತ್ತಿದೆ, ತಪ್ಪು ಕೆಟರಿಂಗ್‌ನ ಬ್ಯಾಟರಿಯದ್ದು ಎಂದರು.

ಆರೋಪ ತೀರಾ ಹುರುಳಿಲ್ಲದ್ದೇನಲ್ಲ. ಪಿಸ್ಟನ್ ಮೇಲೇರಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಅದುಮುತ್ತದೆ. ಪ್ಲಗ್ ಕಿಡಿ ಹಾರಿಸುತ್ತದೆ. ಬೆಂಕಿ ಹರಡಿ, ಒತ್ತಡ ಏರಿ, ಪಿಸ್ಟನ್ ಕೆಳಕ್ಕೆ ದೂಡಲ್ಪಡುತ್ತದೆ. ಬೆಂಕಿ ಹರಡಲು ಒಂದೆರಡು ಮಿಲಿಸೆಕೆಂಡ್ ಆದರೂ ಬೇಕು. ನಿಮಿಷಕ್ಕೆ 3,000 ಸುತ್ತಿನ ವೇಗದಲ್ಲಿ ಒಂದೇ ಮಿಲಿಸೆಕೆಂಡಿಗೆ ಕ್ರ್ಯಾಂಕ್ 18 ಡಿಗ್ರಿ ಸರಿದಿರುತ್ತದೆ. ಆದ್ದರಿಂದ ಪಿಸ್ಟನ್ ತುದಿ ಮುಟ್ಟುವ ಮುಂಚೆಯೇ ಕಿಡಿ ಹಾರಬೇಕು. ಎಷ್ಟು ಮುಂಚೆ ಎನ್ನುವುದೇ ಟೈಮಿಂಗ್. ಉಯ್ಯಾಲೆ ನಮ್ಮತ್ತ ಬರುತ್ತಿರುವಾಗಲೇ ತಳ್ಳಿದರೆ ಕೈಗೆ ಪೆಟ್ಟು, ಮುಂದೆ ಹೋಗಿಬಿಟ್ಟ ಮೇಲೆ ತಳ್ಳಿದರೆ ಶ್ರಮ ವ್ಯರ್ಥ. ಇಲ್ಲೂ ಹಾಗೆಯೇ. ಮೇಲಾಗಿ, ಟೈಮಿಂಗ್ ಸ್ವಲ್ಪ ಹಿಂದಕ್ಕೆ ಸರಿಸಿದರೆ ನಾಕಿಂಗ್ ನಿಜಕ್ಕೂ ತಗ್ಗುತ್ತಿತ್ತು. ಇನ್ನೇನು ಸಾಕ್ಷಿ ಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ.

ಕೆಟರಿಂಗ್‌ಗೆ ಮಾತ್ರ ಬೇರೊಂದು ಗುಮಾನಿಯಿತ್ತು. ಕರೆಂಟ್ ಇಲ್ಲದ ಹಳ್ಳಿಮನೆಗಳಿಗೆಂದು ಅವರು ಡೆಲ್ಕೊ-ಲೈಟ್ ಎಂಬ ಪುಟ್ಟ ಜನರೇಟರ್ ಮಾಡಿದ್ದರು. ಸೀಮೆಎಣ್ಣೆ ಹಾಕಿ ಓಡಿಸಿದಾಗ ಅದು ಪೆಟ್ರೋಲಿಗಿಂತ ಎಷ್ಟೋ ಜೋರಾಗಿ ಕುಟ್ಟುತ್ತಿತ್ತು. ಎಣ್ಣೆ ಬದಲಾದರೆ ಸದ್ದೂ ಬದಲಾಗುತ್ತದೆ ಎಂದಮೇಲೆ ತಪ್ಪು ಕಿಡಿಯದ್ದೇ ಎನ್ನುವುದು ಹೇಗೆ? ಕಾರುಗಳ ಸಂಖ್ಯೆ ಏರಿದಂತೆ ಸಂಸ್ಕರಣಾಗಾರಗಳು ಆಗ ಪೆಟ್ರೋಲಿಗೆ ಭಾರದ ಅಂಶಗಳನ್ನೂ ಬೆರೆಸುತ್ತಿದ್ದವು. ಹೊಸ ಇಗ್ನಿಷನ್ ಮತ್ತು ಕಳಪೆ ಇಂಧನ ಒಂದೇ ಕಾಲಕ್ಕೆ ಬಂದಿದ್ದವು. ಕಣ್ಣಿಗೆ ಬಿದ್ದದ್ದು ಇಗ್ನಿಷನ್ ಮಾತ್ರ.

1916ರಲ್ಲಿ ಈ ಗುಮಾನಿಯನ್ನು ಪರೀಕ್ಷಿಸುವ ಕೆಲಸ ಥಾಮಸ್ ಮಿಜ್ಲಿ ಎಂಬ ಯುವಕನ ಕೈಗೆ ಬಂತು. ಕಾರ್ನೆಲ್‌ನಲ್ಲಿ ಕಲಿತ ಮೆಕ್ಯಾನಿಕಲ್ ಇಂಜಿನಿಯರ್, ರಸಾಯನಶಾಸ್ತ್ರ ಓದಿದವರಲ್ಲ. ವಾದಕ್ಕೆ ಇಳಿಯುವ ಬದಲು ಸಿಲಿಂಡರಿನ ಒಳಗೇ ನೋಡಬೇಕೆಂದು ಅವರು ತೀರ್ಮಾನಿಸಿದರು. ಒತ್ತಡಕ್ಕೆ ತಕ್ಕಂತೆ ಓಲಾಡುವ ಪುಟ್ಟ ಕನ್ನಡಿ, ಅದರಿಂದ ಪುಟಿದು ಬರುವ ಬೆಳಕು. ಇಂಥ ಒಂದು ಇಂಡಿಕೇಟರನ್ನು ಮಾರ್ಪಡಿಸಿ ಇಂಜಿನ್‌ಗೆ ಜೋಡಿಸಿದರು. ಪ್ರತಿ ಸುತ್ತಿನಲ್ಲೂ ಒತ್ತಡ ಯಾವಾಗ ಏರಿತು, ಎಷ್ಟು ಏರಿತು ಎಂಬುದನ್ನು ಬೆಳಕಿನ ಗೆರೆ ತೋರಿಸುತ್ತಿತ್ತು.

ಕೇಳಬೇಕಾದ ಪ್ರಶ್ನೆ ಒಂದೇ: ಒತ್ತಡ ನೆಗೆಯುವುದು ಕಿಡಿಗೆ ಮುಂಚೆಯೋ, ಆಮೇಲೋ? ಮಿಶ್ರಣ ಅವಧಿಗೆ ಮುನ್ನವೇ ಹೊತ್ತಿಕೊಳ್ಳುತ್ತಿದ್ದರೆ ಗೆರೆ ಕಿಡಿಗಿಂತ ಮೊದಲೇ ಮೇಲೇಳಬೇಕು. ಹಾಗಾಗಲಿಲ್ಲ. ಕಿಡಿ ಹಾರಿತು, ಗೆರೆ ಕ್ರಮವಾಗಿ ಏರತೊಡಗಿತು, ಎಲ್ಲವೂ ಸರಿಯಾಗಿಯೇ ಇತ್ತು. ಉರಿಯುವಿಕೆ ಕೊನೆಗೆ ಬರುವ ಹೊತ್ತಿಗೆ ಗೆರೆ ಒಮ್ಮೆಲೇ ನೆಟ್ಟಗೆ ಮೇಲಕ್ಕೆ ಚಿಮ್ಮಿತು. ಅಲ್ಲಿಗೆ ಬ್ಯಾಟರಿಯ ಕಿಡಿ ನಿರ್ದೋಷಿ ಎಂದಾಯಿತು. ಅವಧಿಪೂರ್ವ ದಹನ ಬೇರೆ, ನಾಕಿಂಗ್ ಬೇರೆ.

ಹಾಗಾದರೆ ಕೊನೆಯ ಗಳಿಗೆಯಲ್ಲಿ ಆಗುತ್ತಿರುವುದೇನು? ಇಲ್ಲಿ ಕೆಟರಿಂಗ್ ಒಂದು ವಿಚಿತ್ರ ಊಹೆ ಮುಂದಿಟ್ಟರು. ಟ್ರೇಲಿಂಗ್ ಅರ್ಬ್ಯೂಟಸ್ ಎಂಬ ನೆಲಬಳ್ಳಿ ಹಿಮ ಕರಗುವ ಮುನ್ನವೇ ಹೂ ಬಿಡುತ್ತದೆ. ಅದರ ಎಲೆಯ ಬೆನ್ನು ಕೆಂಪು. ಕೆಂಪು ಬಣ್ಣ ಶಾಖವನ್ನು ಹೀರಿಕೊಳ್ಳುವುದೇ ಕಾರಣವಾಗಿದ್ದರೆ, ಸೀಮೆಎಣ್ಣೆಗೂ ಕೆಂಪು ಬಣ್ಣ ಹಾಕಿದರೆ ಅದು ಬೇಗ ಆವಿಯಾಗಿ ಕುಟ್ಟುವುದು ನಿಲ್ಲಬಹುದಲ್ಲ! ಮಿಜ್ಲಿ ಬಣ್ಣ ಹುಡುಕಿ ಹೊರಟರು. ಎಣ್ಣೆಯಲ್ಲಿ ಕರಗುವ ಬಣ್ಣ ಉಗ್ರಾಣದಲ್ಲಿ ಇರಲಿಲ್ಲ. ಅಯೋಡಿನ್ ಹಾಕಿ ನೋಡಿ ಎಂದು ಯಾರೋ ಹೇಳಿದರು. ಹಾಕಿದರು, ಕುಟ್ಟುವ ಸದ್ದು ನಿಂತೇಬಿಟ್ಟಿತು.

ಬೇರೆ ಯಾರಾದರೂ ಆಗಿದ್ದರೆ ಬಣ್ಣದ ಸಿದ್ಧಾಂತ ಗೆದ್ದಿತೆಂದು ಸಂಭ್ರಮಿಸುತ್ತಿದ್ದರು. ಮಿಜ್ಲಿ ಇನ್ನೆರಡು ಪರೀಕ್ಷೆ ಮಾಡಿದರು. ಬಗೆಬಗೆಯ ಬಣ್ಣಗಳನ್ನು ತರಿಸಿ ಬೆರೆಸಿದರು, ಒಂದೂ ಕೆಲಸ ಮಾಡಲಿಲ್ಲ. ಆಮೇಲೆ ಬಣ್ಣವೇ ಇಲ್ಲದ ಅಯೋಡಿನ್ ಸಂಯುಕ್ತವಾದ ಈಥೈಲ್ ಅಯೋಡೈಡ್ ಹಾಕಿದರು, ನಾಕಿಂಗ್ ಮತ್ತೆ ಮಾಯ. ಬಣ್ಣದ ಊಹೆ ಬಿದ್ದುಹೋಯಿತು. ವಿಷಯ ರಸಾಯನದ್ದು ಎಂಬುದು ಇತ್ಯರ್ಥವಾಯಿತು.

ಅತ್ತ ಇಂಗ್ಲೆಂಡಿನಲ್ಲಿ ಹ್ಯಾರಿ ರಿಕಾರ್ಡೊ ಇದೇ ಸಮಸ್ಯೆಯನ್ನು ಕೆದಕುತ್ತಿದ್ದರು. ಇಂದು ಒಪ್ಪಿತವಾಗಿರುವ ವಿವರಣೆಗೆ ಅವರ ಕೊಡುಗೆ ದೊಡ್ಡದು. ಪ್ಲಗ್ಗಿನಿಂದ ಹೊರಟ ಬೆಂಕಿ ಸಿಲಿಂಡರಿನ ಇನ್ನೊಂದು ಮೂಲೆ ತಲುಪಬೇಕು. ಅಷ್ಟರಲ್ಲಿ ಆ ಮೂಲೆಯಲ್ಲಿ ಉಳಿದ ಮಿಶ್ರಣ ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ, ಬೆಂಕಿ ಮುಟ್ಟುವ ಮೊದಲೇ ತಾನಾಗಿ ಧಗ್ಗನೆ ಹೊತ್ತಿಕೊಳ್ಳುತ್ತದೆ. ಆ ಆಘಾತ ಲೋಹಕ್ಕೆ ಬಡಿದಾಗ ಕೇಳುವುದೇ ನಾಕಿಂಗ್. ಟೈಮಿಂಗ್ ಹಿಂದೆ ಸರಿಸಿದರೆ ಸದ್ದು ಏಕೆ ತಗ್ಗುತ್ತದೆ ಎಂಬುದೂ ಇದರಿಂದ ತಿಳಿಯುತ್ತದೆ: ತಡವಾಗಿ ಹೊತ್ತಿಸಿದರೆ ಒತ್ತಡ ಅಷ್ಟು ಏರುವುದಿಲ್ಲ, ಮೂಲೆಯ ಮಿಶ್ರಣ ತಡೆದುಕೊಳ್ಳುತ್ತದೆ. ಆ ಉಪಾಯ ಸದ್ದಡಗಿಸಿದ್ದು ನಿಜ. ಆದರೆ ಟೈಮಿಂಗೇ ತಪ್ಪಿತ್ತು ಎಂಬುದಕ್ಕೆ ಅದು ಪುರಾವೆಯಾಗಿರಲಿಲ್ಲ. ಜತೆಗೆ ಇಂಜಿನ್ನಿನ ಬಲವನ್ನೂ ಕಡಿಮೆ ಮಾಡುತ್ತಿತ್ತು.

ಅಯೋಡಿನ್ ದುಬಾರಿ, ಲೋಹವನ್ನೂ ತಿನ್ನುತ್ತದೆ. ಹಾಗಾಗಿ ಹುಡುಕಾಟ ಮುಂದುವರಿಯಿತು. ಅನಿಲೀನ್ ಆಯಿತು, ಸೆಲೆನಿಯಂ ಆಯಿತು, ಟೆಲ್ಯೂರಿಯಂ ಆಯಿತು. ಟೆಲ್ಯೂರಿಯಂನ ನಾತ ಸ್ನಾನ ಮಾಡಿದರೂ ಮೈಬಿಡುತ್ತಿರಲಿಲ್ಲ. ಕೊನೆಗೆ ಆವರ್ತ ಕೋಷ್ಟಕವನ್ನೇ ದಾರಿದೀಪ ಮಾಡಿಕೊಂಡು ಸಾಗಿದ ತಂಡ 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ತಲುಪಿತು. ಲೀಟರಿಗೆ ಒಂದು ಮಿಲಿಲೀಟರಿಗೂ ಕಡಿಮೆ ಬೆರೆಸಿದರೆ ಸಾಕು, ನಾಕಿಂಗ್ ಇಲ್ಲ. 1923ರಲ್ಲಿ ಡೇಟನ್‌ನಲ್ಲೇ ಸೀಸದ ಪೆಟ್ರೋಲ್ ಮಾರಾಟ ಶುರುವಾಯಿತು. ನಾಕಿಂಗ್ ಅಳೆಯಲು 1926ರಲ್ಲಿ ಗ್ರಹಾಂ ಎಡ್ಗರ್ ಆಕ್ಟೇನ್ ಮಾಪನ ಸೂಚಿಸಿದರು: ಸುಲಭವಾಗಿ ಕುಟ್ಟದ ಐಸೊ-ಆಕ್ಟೇನ್‌ಗೆ 100, ಬೇಗನೆ ಕುಟ್ಟುವ ಹೆಪ್ಟೇನ್‌ಗೆ 0. ಬಂಕಿನಲ್ಲಿ ಇಂದೂ ಕಾಣುವ ಅಂಕಿ ಅದೇ.

ರೋಗ ಹಿಡಿದದ್ದು ಎಷ್ಟು ನಿಖರವೋ, ಆರಿಸಿದ ಮದ್ದು ಅಷ್ಟೇ ಘೋರ. ಸೀಸ ವಿಷವೆಂಬುದು ಆಗಲೂ ಗೊತ್ತಿದ್ದ ಸಂಗತಿ. 1924ರ ಅಕ್ಟೋಬರ್‌ನಲ್ಲಿ ಟೆಟ್ರಾಈಥೈಲ್ ಲೆಡ್ ತಯಾರಿಸುತ್ತಿದ್ದ ನ್ಯೂಜೆರ್ಸಿಯ ಬೇವೇ ಘಟಕದಲ್ಲಿ ಐವರು ಕಾರ್ಮಿಕರು ಸತ್ತರು. ಮಿಜ್ಲಿಯವರಿಗೂ ಸೀಸದ ವಿಷ ತಗುಲಿತ್ತು. ಆಲ್ಕೋಹಾಲ್ ಬೆರೆಸಿದರೂ ನಾಕಿಂಗ್ ನಿಲ್ಲುತ್ತದೆಂಬುದು ಈ ತಂಡಕ್ಕೆ ತಿಳಿದಿತ್ತು, ಆದರೂ ಸೀಸವೇ ಗೆದ್ದಿತು. ಭಾರತದ ಬಂಕುಗಳಿಂದ ಅದು ಪೂರ್ತಿ ಹೊರಬಿದ್ದದ್ದು 2000ದಲ್ಲಿ. ಕಾರುಗಳಿಗೆ ಅದನ್ನು ಕೊನೆಯದಾಗಿ ಮಾರುತ್ತಿದ್ದ ಅಲ್ಜೀರಿಯ 2021ರಲ್ಲಿ ನಿಲ್ಲಿಸಿತು. ಅಂದು ಬದಿಗೆ ಸರಿಸಿದ ಆಲ್ಕೋಹಾಲ್ ಇಂದು ಎಥನಾಲ್ ಎಂಬ ಹೆಸರಿನಲ್ಲಿ ನಮ್ಮ ಪೆಟ್ರೋಲಿಗೆ ಬೆರೆಯುತ್ತಿದೆ.

ಈಗಿನ ಬಹುತೇಕ ಪೆಟ್ರೋಲ್ ಕಾರುಗಳ ಇಂಜಿನ್ ಬ್ಲಾಕಿನಲ್ಲಿ ನಾಕ್ ಸೆನ್ಸರ್ ಇರುತ್ತದೆ. ಅದು ಸದ್ದು ಕೇಳಿಸಿಕೊಂಡೊಡನೆ ಕಂಪ್ಯೂಟರ್ ಟೈಮಿಂಗನ್ನು ಹಿಂದೆ ಸರಿಸುತ್ತದೆ. ಸದ್ದು ಅಡಗುತ್ತದೆ, ಪಿಕಪ್ಪೂ ಅಡಗುತ್ತದೆ. ಮೂಲ ಕಾರಣ ಹಾಗೇ ಉಳಿದಿರುತ್ತದೆ. ನಿಮ್ಮ ಗಾಡಿ ಏರಿನಲ್ಲಿ ಕುಟ್ಟುತ್ತಿದ್ದರೆ, ಅಥವಾ ಕಾರಣವಿಲ್ಲದೆ ಎಳೆತ ಕಳೆದುಕೊಂಡಿದ್ದರೆ, ನೇರವಾಗಿ ಟೈಮಿಂಗಿಗೆ ಕೈ ಹಾಕಿಸಬೇಡಿ. ಗೇರ್ ಇಳಿಸಿ ನೋಡಿ. ಕಂಪನಿ ಹೇಳಿದ ಆಕ್ಟೇನ್‌ನ ಪೆಟ್ರೋಲನ್ನು ಬೇರೆ ಬಂಕಿನಲ್ಲಿ ಹಾಕಿಸಿ. ಇಂಜಿನ್ ಕಾಯುತ್ತಿದೆಯೇ, ಒಳಗೆ ಕಾರ್ಬನ್ ಕಟ್ಟಿದೆಯೇ, ಪ್ಲಗ್ ಸರಿಯಾದದ್ದೇ ಎಂದು ಕೇಳಿ. ಇವೆಲ್ಲ ಸರಿಯಿದ್ದರೆ ಮಾತ್ರ ಟೈಮಿಂಗ್ ನೋಡಲು ಹೇಳಿ.